ವಿಶಾಖಪಟ್ಟಣ-ವಿಜಯವಾಡ: ರಸ್ತೆಯಡಿ ಸೇರುವ ಕಲ್ಲಿದ್ದಲು ಬೂದಿ, ಲಾಭವೇನು? ಎಚ್ಚರ ಎಲ್ಲಿ?

ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡವನ್ನು ಜೋಡಿಸುವುದು ಚೆನ್ನೈ-ಕೋಲ್ಕತ್ತಾ ರಾಷ್ಟ್ರೀಯ ಹೆದ್ದಾರಿ 16. ಎರಡೂ ನಗರಗಳ ಬಳಿ ಕಲ್ಲಿದ್ದಲು ಉರಿಸುವ ದೊಡ್ಡ ವಿದ್ಯುತ್ ಸ್ಥಾವರಗಳಿವೆ. ವಿಶಾಖಪಟ್ಟಣ ಸಮೀಪದ ಪರವಾಡದಲ್ಲಿ ಎನ್‌ಟಿಪಿಸಿಯ 2000 ಮೆಗಾವ್ಯಾಟ್ ಸಾಮರ್ಥ್ಯದ ಸಿಂಹಾದ್ರಿ ಸ್ಥಾವರ, ವಿಜಯವಾಡ ಪಕ್ಕದ ಇಬ್ರಾಹಿಂಪಟ್ಟಣದಲ್ಲಿ ಡಾ. ನಾರ್ಲ ತಾತಾರಾವ್ ಸ್ಥಾವರ.

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇ. 30ರಿಂದ 45ರಷ್ಟು. ಅಂದರೆ ಒಂದು ಟನ್ ಸುಟ್ಟರೆ ಕನಿಷ್ಠ ಮೂರು ಕ್ವಿಂಟಲ್ ಬೂದಿ. ಸಿಮೆಂಟ್, ಇಟ್ಟಿಗೆಗೆ ಹೋಗಿ ಉಳಿದಿದ್ದು ಬೂದಿ ಹೊಂಡ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಒಣಗಿ ಸುತ್ತಲಿನ ಹೊಲ, ಮನೆಗಳ ಮೇಲೆ ಹಾರುತ್ತದೆ. ಇತ್ತ ಹೆದ್ದಾರಿ ಏರಿಗೆ, ಮೇಲ್ಸೇತುವೆಯ ಇಳಿಜಾರಿಗೆ ಲಕ್ಷಾಂತರ ಘನ ಮೀಟರ್ ಮಣ್ಣು ಬೇಕು. ಅದಕ್ಕಾಗಿ ಗುಡ್ಡ ಅಗೆಯಬೇಕು, ಇಲ್ಲವೇ ಹೊಲದ ಫಲವತ್ತಾದ ಮೇಲ್ಮಣ್ಣು ತೆಗೆಯಬೇಕು.

ಮಣ್ಣಿನ ಬದಲು ಬೂದಿ ಬಳಸಿ ಎಂಬ ನಿಯಮ ಬಂದಿದ್ದು 1999ರಲ್ಲಿ. ಆಗ ಸ್ಥಾವರದಿಂದ 50 ಕಿ.ಮೀ. ವ್ಯಾಪ್ತಿಗೆ ಸೀಮಿತವಾಗಿದ್ದ ಇದು 2003ರಲ್ಲಿ 100, 2016ರಲ್ಲಿ 300 ಕಿ.ಮೀ.ಗೆ ವಿಸ್ತರಿಸಿತು. 2021ರ ಡಿಸೆಂಬರ್ 31ರ ಅಧಿಸೂಚನೆಯೂ 300 ಕಿ.ಮೀ. ಮಿತಿಯನ್ನೇ ಉಳಿಸಿದೆ. ಈ ಲೆಕ್ಕದಲ್ಲಿ ಎರಡು ನಗರಗಳ ನಡುವಿನ ಸುಮಾರು 350 ಕಿ.ಮೀ. ಹೆದ್ದಾರಿ ಪೂರ್ತಿ ನಿಯಮದ ವ್ಯಾಪ್ತಿಯಲ್ಲಿದೆ.

ಬೂದಿ ಮಣ್ಣಿಗಿಂತ ಹಗುರ. ಕೃಷ್ಣಾ, ಗೋದಾವರಿ ಮುಖಜ ಭೂಮಿಯಂಥ ಮೆತ್ತನೆಯ ಜೇಡಿನೆಲದಲ್ಲಿ ಇದೇ ದೊಡ್ಡ ಅನುಕೂಲ, ಏರಿಯ ಭಾರಕ್ಕೆ ನೆಲ ಕುಸಿಯುವುದು ಕಡಿಮೆ. ಆದರೆ ಬೂದಿಗೆ ಮಣ್ಣಿನ ಅಂಟಿಲ್ಲ. ಮಳೆ ಬಿದ್ದರೆ ಕೊರೆದುಹೋಗುತ್ತದೆ, ಒಣಗಿದರೆ ಹಾರುತ್ತದೆ. ಹಾಗಾಗಿ ಭಾರತೀಯ ರಸ್ತೆ ಕಾಂಗ್ರೆಸ್‌ನ 2001ರ ಮಾರ್ಗಸೂಚಿ ಏರಿಯ ಎರಡೂ ಬದಿಗೆ ಕನಿಷ್ಠ ಒಂದು ಮೀಟರ್ ದಪ್ಪದ ಮಣ್ಣಿನ ಹೊದಿಕೆ ಕೇಳುತ್ತದೆ. ಎತ್ತರ ಹೆಚ್ಚಿದ್ದರೆ ನಡುನಡುವೆ ಮಣ್ಣಿನ ಪದರವೂ ಬೇಕು. ನೀರು ಚಿಮುಕಿಸಿ, ಪದರ ಪದರವಾಗಿ ರೋಲರ್‌ನಿಂದ ಗಟ್ಟಿ ಮಾಡಬೇಕು.

ದೆಹಲಿಯಲ್ಲಿ ಯಮುನೆಯ ಪ್ರವಾಹ ಬಯಲಿನಲ್ಲಿರುವ ಎರಡನೇ ನಿಜಾಮುದ್ದೀನ್ ಸೇತುವೆಯ ಸಂಪರ್ಕ ಏರಿ ಬೂದಿಯದ್ದೇ. ನೀರಿನ ಪಕ್ಕದಲ್ಲೂ ಇದು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಹೊದಿಕೆಯಲ್ಲಿ ಉಳಿತಾಯ ಮಾಡಹೊರಟರೆ ಮಾತ್ರ ಕಥೆ ಬೇರೆ. ಬೂದಿಯಲ್ಲಿ ಆರ್ಸೆನಿಕ್, ಸೀಸದಂಥ ಅಂಶಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಚಂಡಮಾರುತದ ಮಳೆಗೆ ಏರಿ ಕೊರೆದರೆ ಅವು ಹೊಂಡದಿಂದ ಹೊರಟು ರಸ್ತೆಬದಿಯ ಗದ್ದೆ, ಕಾಲುವೆ ಸೇರುತ್ತವೆ.

ಇದೇ ನಿಯಮ ಕರ್ನಾಟಕಕ್ಕೂ ಅನ್ವಯ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ, ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರಗಳಿಂದ 300 ಕಿ.ಮೀ. ವೃತ್ತ ಎಳೆದರೆ ಉತ್ತರ ಕರ್ನಾಟಕದ ಹೆದ್ದಾರಿಗಳೆಲ್ಲ ಅದರೊಳಗೇ ಬರುತ್ತವೆ.