ನಾದಪರೀಕ್ಷೆ: ಗಡಿಗೆಯಿಂದ ಅತಿವಾಹಕದವರೆಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಸಂತೆಗಳಲ್ಲಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ ಕೊಳ್ಳುವುದು ವಾಡಿಕೆ. ಚೆನ್ನಾಗಿ ಬೆಂದುದು ಠಣ್ಣೆಂದು ನುಡಿಯುವುದು. ಬಿರಿದುದು ಒಡಕು ದನಿಗೈಯುವುದು. ವಸ್ತುವನ್ನು ಕೆಡಿಸದೆ ಅದರ ಒಳಗನ್ನರಿಯುವ ಈ ಕ್ರಮವನ್ನು ನಾದಪರೀಕ್ಷೆಯೆನ್ನಬಹುದು.

ಹರಿಹರನ ಕುಂಬಾರ ಗುಂಡಯ್ಯನ ರಗಳೆಯನ್ನು ಬಲ್ಲ ವಾಚಕರಿಗೆ ಗಡಿಗೆಯ ನಾದವು ಹೊಸದಲ್ಲ. ಗುಂಡಯ್ಯನು ಗಡಿಗೆಯನ್ನು ಬಾರಿಸಲು ಶಿವನೇ ಕುಣಿದನೆಂಬುದು ಅಲ್ಲಿಯ ಕಥೆ. ಆದರೆ ಆ ಬಡಿತವು ಭಕ್ತಿಯದು, ಪರೀಕ್ಷೆಯದಲ್ಲ. ಅದನ್ನು ಆಧಾರವಾಗಿ ಹಿಡಿದು ಇಂದಿನ ಶಾಸ್ತ್ರವೆಲ್ಲ ಪೂರ್ವಿಕರಿಗೆ ತಿಳಿದಿತ್ತೆಂದು ವಾದಿಸುವುದು ಇತಿಹಾಸವಾಗಲಾರದು.

ಸೆಕೆಂಡಿಗೆ 20,000ಕ್ಕೆ ಮೀರಿದ ಕಂಪನಗಳುಳ್ಳ ಧ್ವನಿಯು ನಮ್ಮ ಕಿವಿಗೆ ಕೇಳಿಸದು, ಅದು ಶ್ರವಣಾತೀತ. ಇಂತಹ ಧ್ವನಿಯಿಂದ ಬೆಳಕು ವಿವರ್ತನೆಗೊಳ್ಳುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್, ಎನ್. ಎಸ್. ನಾಗೇಂದ್ರನಾಥ್ ಅವರು 1935-36ರಲ್ಲಿ ಸಿದ್ಧಾಂತರೂಪವಾಗಿ ವಿವರಿಸಿದರು. ಲೋಹದೊಳಗಿನ ದೋಷವನ್ನು ಪ್ರತಿಧ್ವನಿಯಿಂದ ಹಿಡಿಯುವ ಯಂತ್ರಕ್ಕಾಗಿ ಅಮೆರಿಕದ ಫೈರ್‌ಸ್ಟೋನ್ 1940ರಲ್ಲಿ ಪೇಟೆಂಟ್ ಕೋರಿದನು.

1986ರಲ್ಲಿ ಬೆಡ್ನಾರ್ಟ್ಸ್, ಮುಲ್ಲರ್ ಎಂಬವರು ತಾಮ್ರದ ಆಕ್ಸೈಡುಳ್ಳ ಸೆರಾಮಿಕ್‌ನಲ್ಲಿ ಅತಿವಾಹಕತೆಯನ್ನು ಕಂಡರು. ಮರುವರ್ಷ ದೊರೆತ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು ಸುಮಾರು ಮೈನಸ್ 181 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ರೋಧವಿಲ್ಲದೆ ವಿದ್ಯುತ್ತನ್ನು ಹರಿಯಿಸಿತು. ಆ 1987ರಲ್ಲಿಯೇ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಈ ವಸ್ತುಗಳನ್ನು ಅಭ್ಯಸಿಸಿತು.

ಇದನ್ನು ಮಾಡುವ ಬಗೆ ಕುಂಬಾರಿಕೆಗೆ ದೂರದ್ದಲ್ಲ. ಪುಡಿಯನ್ನು ಬೆರಸಿ, ಒತ್ತಿ ರೂಪಿಸಿ, ಸುಮಾರು 950 ಡಿಗ್ರಿಯಲ್ಲಿ ಸುಟ್ಟು, ಆಮ್ಲಜನಕದಲ್ಲಿ ಮೆಲ್ಲನೆ ಆರಿಸುವರು. ಒಳಗಿನ ರಂಧ್ರಗಳು ಮುಚ್ಚಿಕೊಂಡಷ್ಟೂ ಧ್ವನಿಯ ವೇಗ ಹೆಚ್ಚುವುದು. ಬಿರುಕಿದ್ದಲ್ಲಿ ಪ್ರತಿಧ್ವನಿ ಹಿಂದಿರುಗುವುದು. ಹೀಗೆ ತುಣುಕನ್ನು ಒಡೆಯದೆಯೇ ಹದವನ್ನರಿಯಬಹುದು. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ದಾಟಿಸಲು ಬಳಸುವ ನೀರು ಈ ಸೆರಾಮಿಕ್ಕನ್ನು ಕೆಡಿಸುವುದರಿಂದ ಇಲ್ಲಿ ಎಚ್ಚರ ಬೇಕು. ಮೇಲಾಗಿ, ಬಿರುಕಿಲ್ಲವೆಂದ ಮಾತ್ರಕ್ಕೆ ಅತಿವಾಹಕತೆ ಸಿದ್ಧವಾಗದು. ಅದಕ್ಕೆ ವಿದ್ಯುತ್ತಿನ ಮತ್ತು ಕಾಂತದ ಪರೀಕ್ಷೆಗಳೇ ಪ್ರಮಾಣ.

ಕುಂಬಾರನ ಕಿವಿಗೂ ಯಂತ್ರಕ್ಕೂ ಗುರುಶಿಷ್ಯಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಎರಡಕ್ಕೂ ತತ್ತ್ವವೊಂದೇ ಎಂಬುದನ್ನು ಒಪ್ಪಿದರೆ ಸಾಕು. ಒಂದರ ಚರಿತ್ರೆ ಪತ್ರಿಕೆಗಳಲ್ಲಿ ಅಚ್ಚಾಗಿ ಉಳಿದಿದೆ. ಇನ್ನೊಂದು ಬಾಯಿಮಾತಿನಲ್ಲಿದ್ದು, ಮಣ್ಣಿನ ಗಡಿಗೆಗೆ ಬದಲಾಗಿ ಪ್ಲಾಸ್ಟಿಕ್ ಕೊಡ ಬಂದಂತೆಲ್ಲ ಸವೆಯುತ್ತಿದೆ. ಹಸಿ, ಬೆಂದ, ಬಿರಿದ ಗಡಿಗೆಗಳ ದನಿಗೆ ಈ ನಾಲ್ಕು ಸೀಮೆಗಳ ಕುಂಬಾರರು ಆಡುವ ಮಾತುಗಳನ್ನು ವಿದ್ವಾಂಸರು ಕೇಳಿ ಬರೆದಿಟ್ಟುಕೊಳ್ಳುವುದು ಉಚಿತ. ಪಾರಿಭಾಷಿಕ ಪದಗಳಿಗಾಗಿ ನಿಘಂಟುಗಳನ್ನು ತಡಕುವ ನಮಗೆ ಆವಿಗೆಯ ಬಳಿಯೂ ಕೆಲವು ದೊರೆತಾವು.