ಸ್ರಾವ, ಪಾತ ಮತ್ತು ಒಂದು ಸಣ್ಣ ಮಾತ್ರೆ: ಗರ್ಭ ನಿಲ್ಲದವರಿಗೆ ಆಸ್ಪಿರಿನ್ ಕೊಡುವ ಕುರಿತು ಒಂದು ಟಿಪ್ಪಣಿ

ಮೇಲುಕೋಟೆಯಲ್ಲಿ ಕಾರ್ತಿಕ ಮಾಸದಲ್ಲಿ ನಡೆಯುವ ಅಷ್ಟತೀರ್ಥೋತ್ಸವ ಸುತ್ತಿನ ಊರುಗಳವರಿಗೆ ತೊಟ್ಟಿಲಮಡು ಜಾತ್ರೆಯೆಂದೇ ಪರಿಚಿತ. ಮಡಿಲು ತುಂಬಲೆಂದು ಹರಕೆ ಹೊತ್ತ ದಂಪತಿಗಳು ಅಲ್ಲಿನ ತೀರ್ಥಗಳಲ್ಲಿ ಮೀಯುತ್ತಾರೆ. ಅವರನ್ನು ನಾವು ಮಕ್ಕಳಿಲ್ಲದವರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಗರ್ಭವೇ ಕಟ್ಟದವರ ದುಃಖ ಒಂದು ಬಗೆಯದು, ಕಟ್ಟಿದ ಗರ್ಭ ಮತ್ತೆ ಮತ್ತೆ ನಿಲ್ಲದೆ ಹೋದವರ ದುಃಖ ಇನ್ನೊಂದು ಬಗೆಯದು. ಈ ಟಿಪ್ಪಣಿ ಎರಡನೆಯವರನ್ನು ಕುರಿತದ್ದು.

ಇಂಥವರಿಗೆ ಮತ್ತೆ ಗರ್ಭ ನಿಂತಾಗ ವೈದ್ಯರ ಚೀಟಿಯಲ್ಲಿ 75 ಮಿಲಿಗ್ರಾಂ ಆಸ್ಪಿರಿನ್ ಕಾಣಿಸುವುದುಂಟು. ಔಷಧಿ ಅಂಗಡಿಯಲ್ಲಿ ಅದು ಇಕೋಸ್ಪ್ರಿನ್, ಮನೆಯವರ ಬಾಯಲ್ಲಿ ‘ರಕ್ತ ತೆಳುವಾಗೋ ಮಾತ್ರೆ’. ಈ ಮಾತ್ರೆ ಗರ್ಭವನ್ನು ಉಳಿಸುತ್ತದೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಹಿಂದಿನ ಗರ್ಭಗಳು ಯಾವ ವಾರದಲ್ಲಿ ಹೋದವು, ಏಕೆ ಹೋದವು ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಿದ್ದೇನೆ.

ಎರಡು ಪದಗಳು

ಸುಶ್ರುತ ಸಂಹಿತೆಯ ನಿದಾನಸ್ಥಾನ ಗರ್ಭನಷ್ಟವನ್ನು ಎರಡಾಗಿ ವಿಂಗಡಿಸುತ್ತದೆ. ನಾಲ್ಕನೆಯ ತಿಂಗಳವರೆಗೆ ಆದರೆ ಅದು ಸ್ರಾವ. ಶರೀರ ಗಟ್ಟಿಗೊಂಡ ಮೇಲೆ, ಐದು ಮತ್ತು ಆರನೆಯ ತಿಂಗಳಲ್ಲಿ ಆದರೆ ಪಾತ. ಇಂದಿನ ಕನ್ನಡದಲ್ಲಿ ಈ ಗೆರೆ ಅಳಿಸಿಹೋಗಿದೆ. ತಾನಾಗಿ ಆದದ್ದಕ್ಕೂ, ಬೇಕೆಂದು ಮಾಡಿಸಿದ್ದಕ್ಕೂ, ಆರನೆಯ ವಾರದ್ದಕ್ಕೂ, ಐದನೆಯ ತಿಂಗಳದ್ದಕ್ಕೂ ‘ಗರ್ಭಪಾತ’ ಎನ್ನುತ್ತೇವೆ, ಆಡುಮಾತಿನಲ್ಲಿ ‘ಅಬಾರ್ಷನ್’ ಎನ್ನುತ್ತೇವೆ.

ಆಸ್ಪತ್ರೆಯ ದಾಖಲೆಯೂ ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಬಸಿರಿಯ ಹಿಂದಿನ ಚರಿತ್ರೆಯನ್ನು ಜಿ, ಪಿ, ಎಲ್, ಎ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆಯುವುದು ವಾಡಿಕೆ. ಮೂರು ಸಲ ಗರ್ಭ ಹೋಗಿದ್ದರೆ ‘ಎ 3’. ಮೂರೂ ಏಳನೆಯ ವಾರದಲ್ಲಿ ಹೋದವಳು ಮತ್ತು ಮೂರೂ ನಾಲ್ಕೂವರೆ ತಿಂಗಳಿಗೆ ಹೋದವಳು ಈ ಲೆಕ್ಕದಲ್ಲಿ ಒಂದೇ. ಆಸ್ಪಿರಿನ್ ವಿಷಯದಲ್ಲಿ ಇವರಿಬ್ಬರೂ ಒಂದೇ ಅಲ್ಲ.

ಮಾತ್ರೆ ಮಾಡುವ ಕೆಲಸ

ರಕ್ತದ ಕಿರುಬಿಲ್ಲೆಗಳು ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ಹೊರಬಿಡುತ್ತವೆ. ಅದು ರಕ್ತನಾಳವನ್ನು ಬಿಗಿಯುತ್ತದೆ, ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸಣ್ಣ ಪ್ರಮಾಣದ ಆಸ್ಪಿರಿನ್ ಅದನ್ನು ತಯಾರಿಸುವ ಕಿಣ್ವವನ್ನೇ ಕೆಡಿಸುತ್ತದೆ. ಕಿರುಬಿಲ್ಲೆಗೆ ಕೋಶಕೇಂದ್ರ ಇಲ್ಲದ ಕಾರಣ, ಕೆಟ್ಟ ಕಿಣ್ವವನ್ನು ಅದು ಮತ್ತೆ ಕಟ್ಟಿಕೊಳ್ಳಲಾರದು. ಹೀಗಾಗಿ ಆ ಬಿಲ್ಲೆಯ ಆಯುಸ್ಸಾದ ಏಳರಿಂದ ಹತ್ತು ದಿನವೂ ಮಾತ್ರೆಯ ಪರಿಣಾಮ ಉಳಿಯುತ್ತದೆ. ದಿನಕ್ಕೆ ಒಂದು ಸಣ್ಣ ಮಾತ್ರೆ ಸಾಕಾಗುವುದು ಇದರಿಂದಲೇ.

‘ರಕ್ತ ಹೆಪ್ಪುಗಟ್ಟಿ ಮಗುವಿಗೆ ರಕ್ತ ಹೋಗಲಿಲ್ಲ, ಅದಕ್ಕೇ ನಿಲ್ಲಲಿಲ್ಲ’ ಎಂಬ ವಿವರಣೆಯನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಮೊದಲ ಹತ್ತು ವಾರಗಳ ಆಸುಪಾಸಿನಲ್ಲಿ ಗರ್ಭಕೋಶದ ರಕ್ತನಾಳಗಳ ತುದಿಗಳನ್ನು ಭ್ರೂಣದ ಹೊರಪದರದ ಕೋಶಗಳೇ ಬಹುಮಟ್ಟಿಗೆ ಮುಚ್ಚಿರುತ್ತವೆ. ಮಾಸಿನೊಳಗೆ ತಾಯಿಯ ರಕ್ತ ಚೆನ್ನಾಗಿ ಹರಿಯಲು ತೊಡಗುವುದು ಹತ್ತರಿಂದ ಹನ್ನೆರಡನೆಯ ವಾರದ ಹೊತ್ತಿಗೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಇಲ್ಲವೇ ಅದಕ್ಕೂ ಹೆಚ್ಚಿನವಕ್ಕೆ, ಕ್ರೋಮೋಸೋಮಿನ ಎಣಿಕೆ ತಪ್ಪಿದ್ದೇ ಕಾರಣ. ಅದನ್ನು ಯಾವ ಮಾತ್ರೆಯೂ ಸರಿಪಡಿಸಲಾರದು. ತಾಯಿ ತಿಂದದ್ದು, ಎತ್ತಿದ್ದು, ನಡೆದದ್ದು ಯಾವುದೂ ಅದಕ್ಕೆ ಕಾರಣವಲ್ಲ.

ಕಾರಣ ಸಿಗದವರು, ಕಾರಣ ಸಿಕ್ಕವರು

ಕಾರಣ ಗೊತ್ತಾಗದೆ ಪದೇ ಪದೇ ಗರ್ಭ ಹೋದವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ಒಂದು ಪ್ರಯೋಗ ನಡೆದು 2010ರಲ್ಲಿ ಪ್ರಕಟವಾಯಿತು. ಅದರ ಹೆಸರು ಅಲೈಫ್. ಅದರಲ್ಲಿದ್ದ 364 ಮಹಿಳೆಯರಲ್ಲಿ ಒಂದು ಗುಂಪಿಗೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ಇನ್ನೊಂದಕ್ಕೆ ಆಸ್ಪಿರಿನ್ ಮಾತ್ರ, ಮೂರನೆಯದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಜೀವಂತ ಮಗು ಹುಟ್ಟಿದ ಪ್ರಮಾಣ ಕ್ರಮವಾಗಿ ಶೇ 54.5, 50.8 ಮತ್ತು 57. ಮಾತ್ರೆಯಿಂದ ಲಾಭ ಕಾಣಲಿಲ್ಲ. ಇದೇ ಪ್ರಯೋಗದ ಇನ್ನೊಂದು ಅಂಕಿಯನ್ನು ನಮ್ಮ ಹೆಣ್ಣುಮಕ್ಕಳಿಗೆ ಒತ್ತಿ ಹೇಳಬೇಕು: ಹುಸಿ ಮಾತ್ರೆ ತೆಗೆದುಕೊಂಡು ಗರ್ಭ ಧರಿಸಿದವರಲ್ಲಿ 100ಕ್ಕೆ 67 ಮಂದಿ ಮಗುವನ್ನು ಪಡೆದರು. ಪದೇ ಪದೇ ಕಳೆದುಕೊಂಡವರಿಗೂ ಮುಂದಿನ ಸಲ ಮಗು ಉಳಿಯುವ ಸಾಧ್ಯತೆಯೇ ಹೆಚ್ಚು.

ಅಮೆರಿಕದ ಈಗರ್ ಪ್ರಯೋಗದಲ್ಲಿ (2014) ಒಂದೆರಡು ಸಲ ಗರ್ಭ ಕಳೆದುಕೊಂಡಿದ್ದ 1,228 ಮಹಿಳೆಯರು ಗರ್ಭ ನಿಲ್ಲುವ ಮೊದಲೇ 81 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಮಾತ್ರೆಯನ್ನು ಆರಂಭಿಸಿದರು. ಮಗು ಪಡೆದವರು ಶೇ 58 ಮತ್ತು ಶೇ 53. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಮುಖ್ಯವಾಗಿ, ಗರ್ಭ ಹೋದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಶೇ 13 ಮತ್ತು ಶೇ 12. 2021ರಲ್ಲಿ ಇದೇ ಮಾಹಿತಿಯನ್ನು ಮರುವಿಶ್ಲೇಷಿಸಿದಾಗ, ವಾರಕ್ಕೆ ಐದು ದಿನವಾದರೂ ತಪ್ಪದೆ ಮಾತ್ರೆ ತೆಗೆದುಕೊಂಡವರಲ್ಲಿ ಲಾಭ ಇರಬಹುದೆಂಬ ಸೂಚನೆ ಸಿಕ್ಕಿತು. ಇದನ್ನು ಕಡೆಗಣಿಸಬಾರದು. ಆದರೆ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರು ಬೇರೆ ಬಗೆಗಳಲ್ಲೂ ಉಳಿದವರಿಗಿಂತ ಭಿನ್ನರಾಗಿರುತ್ತಾರೆ ಎಂಬ ಎಚ್ಚರವೂ ಇರಬೇಕು.

ಕಾರಣ ಸಿಕ್ಕವರ ಕತೆ ಬೇರೆ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇದ್ದವರಲ್ಲಿ ದೇಹದ ಪ್ರತಿಕಾಯಗಳೇ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ, ಮಾಸು ಬೇರೂರುವುದಕ್ಕೂ ಅಡ್ಡಿಯಾಗುತ್ತವೆ. 1997ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗದಲ್ಲಿ ಇಂಥ 90 ಮಹಿಳೆಯರಲ್ಲಿ ಅರ್ಧ ಮಂದಿಗೆ 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರ, ಉಳಿದರ್ಧಕ್ಕೆ ಅದರ ಜೊತೆ ಹೆಪಾರಿನ್ ಕೊಟ್ಟರು. ಮೊದಲ ಗುಂಪಿನಲ್ಲಿ ಶೇ 42, ಎರಡನೆಯದರಲ್ಲಿ ಶೇ 71 ಮಂದಿ ಮಗು ಪಡೆದರು. ಹೋದ ಗರ್ಭಗಳಲ್ಲಿ ಶೇ 90ಕ್ಕೂ ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋದವು. ಹದಿಮೂರು ವಾರ ದಾಟಿದ ಮೇಲೆ ಎರಡು ಗುಂಪಿಗೂ ವ್ಯತ್ಯಾಸ ಉಳಿಯಲಿಲ್ಲ. ಈ ಕಾಯಿಲೆಯಲ್ಲಿ ಸ್ರಾವದ ಅವಧಿಯನ್ನು ದಾಟಿಸಿದ್ದು ಹೆಪಾರಿನ್ ಸೇರಿದ ಚಿಕಿತ್ಸೆ; ಆಸ್ಪಿರಿನ್ ಒಂದೇ ಸಾಲಲಿಲ್ಲ.

ಬೆಳಗಾವಿಯ ಸಾಕ್ಷ್ಯ

ಆಸ್ಪಿರಿನ್‌ನ ನಿಜವಾದ ಬಲ ತಿಳಿಯಲು ಕರ್ನಾಟಕದ್ದೇ ಸಾಕ್ಷ್ಯವಿದೆ. 2016ರಿಂದ 2018ರವರೆಗೆ ಆರು ದೇಶಗಳಲ್ಲಿ ಚೊಚ್ಚಲ ಹೆರಿಗೆಯ 11,976 ಬಸಿರಿಯರನ್ನು ಸೇರಿಸಿಕೊಂಡ ಪ್ರಯೋಗದಲ್ಲಿ ಭಾರತದ ಎರಡು ಕೇಂದ್ರಗಳಿದ್ದವು: ನಾಗಪುರ ಮತ್ತು ಬೆಳಗಾವಿ. ಬೆಳಗಾವಿಯ ಹೊಣೆ ಹೊತ್ತದ್ದು ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಡಾ. ಶಿವಪ್ರಸಾದ ಗೌಡರ ನೇತೃತ್ವದಲ್ಲಿ. ಆರನೆಯ ವಾರದಿಂದ ಹದಿನಾಲ್ಕನೆಯ ವಾರದೊಳಗೆ ಆರಂಭಿಸಿ 36 ವಾರ ತುಂಬುವವರೆಗೆ ಒಂದು ಗುಂಪಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಆಸ್ಪಿರಿನ್ ಪಡೆದವರಲ್ಲಿ ದಿನ ತುಂಬದ ಹೆರಿಗೆ ಶೇ 13.1ರಿಂದ ಶೇ 11.6ಕ್ಕೆ ಇಳಿಯಿತು. ಹೆರಿಗೆಯ ಆಸುಪಾಸಿನ ಶಿಶುಮರಣ ಸಾವಿರಕ್ಕೆ 53.6ರಿಂದ 45.7ಕ್ಕೆ ಇಳಿಯಿತು.

ಇದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಲುಕುವ, ಅಗ್ಗದ ಮಾತ್ರೆಯ ದೊಡ್ಡ ಗೆಲುವು. ಆದರೆ ಮೊದಲ ಮೂರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಗರ್ಭ ಹೋದವರನ್ನು ಈ ಪ್ರಯೋಗ ಸೇರಿಸಿಕೊಂಡಿರಲಿಲ್ಲ. ಮಾತ್ರೆಯನ್ನು ಬೇಗ ಆರಂಭಿಸಿದರೂ ಅದರ ಫಲ ಕಂಡದ್ದು ತಡವಾದ ತಿಂಗಳುಗಳಲ್ಲಿ. ಬಸಿರಿನ ನಂಜು, ಅಂದರೆ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆಯ ಅಪಾಯ ಹೆಚ್ಚಿರುವವರಿಗೆ ಆಸ್ಪಿರಿನ್ ನೆರವಾಗುತ್ತದೆ ಎಂಬುದೂ ಗಟ್ಟಿಯಾಗಿ ಸಾಬೀತಾಗಿದೆ. ಅದೂ ತಡವಾದ ತಿಂಗಳುಗಳ ಕಾಯಿಲೆಯೇ. ಬೆಳಗಾವಿಯ ಅಂಕಿಗಳನ್ನು ಹಿಡಿದು ಏಳನೆಯ ವಾರದ ಸ್ರಾವಕ್ಕೆ ಭರವಸೆ ಕೊಡುವುದು ಸರಿಯಲ್ಲ.

ಮಾತ್ರೆಗೆ ಮೊದಲು

ಎರಡು ಮೂರು ಸಲ ಗರ್ಭ ಹೋದವರು ಮಾತ್ರೆಗೆ ಮೊದಲು ಮಾಡಿಸಿಕೊಳ್ಳಬೇಕಾದದ್ದು ತಪಾಸಣೆ: ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಆಕಾರ, ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು. ಪ್ರತಿಕಾಯ ಒಮ್ಮೆ ಕಂಡರೆ ಸಾಲದು. ಕನಿಷ್ಠ 12 ವಾರ ಬಿಟ್ಟು ಮತ್ತೆ ಕಂಡರೆ ಮಾತ್ರ ಅದು ಕಾಯಿಲೆ. ಹೀಗಾಗಿ ಈ ಪರೀಕ್ಷೆಯನ್ನು ಮುಂದಿನ ಗರ್ಭಕ್ಕೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮೇಲುಕೋಟೆಯವರಿಗೆ ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಒಂದು ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ.

ವೈದ್ಯರು ಈಗಾಗಲೇ ಆಸ್ಪಿರಿನ್ ಬರೆದಿದ್ದರೆ ಇದನ್ನು ಓದಿ ತಾವಾಗಿ ನಿಲ್ಲಿಸಬಾರದು. ಬರೆದಿಲ್ಲದಿದ್ದರೆ ಪಕ್ಕದ ಮನೆಯವರ ಮಾತು ಕೇಳಿ ತಾವಾಗಿ ಆರಂಭಿಸಲೂಬಾರದು. ಹೊಟ್ಟೆಹುಣ್ಣು, ಆಸ್ಪಿರಿನ್ ಅಲರ್ಜಿ, ರಕ್ತ ನಿಲ್ಲದ ಕಾಯಿಲೆ ಇರುವವರಿಗೆ ಅಪಾಯವಿದೆ. ಈಗರ್ ಪ್ರಯೋಗದಲ್ಲಿ ಮಾತ್ರೆ ತೆಗೆದುಕೊಂಡವರಿಗೆ ರಕ್ತಸ್ರಾವ ಹೆಚ್ಚಾಗಿ ಕಂಡಿತು. ಅದರಿಂದ ಗರ್ಭ ಹೋಗಲಿಲ್ಲ ನಿಜ, ಆದರೆ ಮೊದಲೇ ಕಳೆದುಕೊಂಡವಳು ಆ ಕಲೆಯನ್ನು ಕಂಡಾಗ ಪಡುವ ಭಯ ಸಣ್ಣದಲ್ಲ. ಇದನ್ನು ಅವಳಿಗೆ ಮುಂಚೆಯೇ ಹೇಳಿರಬೇಕು.

ಕೊನೆಗೆ ನನ್ನ ಸಲಹೆ ಚಿಕ್ಕದು. ದಾಖಲೆಯಲ್ಲಿ ‘ಎ 3’ ಎಂದು ಬರೆದ ಕಡೆ ಮೂರು ಸಾಲು ಜಾಗ ಬಿಡೋಣ. ಪ್ರತಿ ಸಾಲಿನಲ್ಲಿ ಗರ್ಭ ಎಷ್ಟನೆಯ ವಾರದಲ್ಲಿ ಹೋಯಿತು, ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಂಡಿತ್ತೇ, ಯಾವ ಪರೀಕ್ಷೆ ಆಗಿತ್ತು ಎಂದಿರಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಈ ಮೂರನ್ನು ಕೇಳಿ ಬರೆದರೆ, ಚೀಟಿಯಲ್ಲಿ ಮಾತ್ರೆ ಬರೆಯುವ ವೈದ್ಯರಿಗೆ ಸ್ರಾವವೋ ಪಾತವೋ ತಿಳಿಯುತ್ತದೆ, ಆಸ್ಪಿರಿನ್ ಯಾರಿಗೆ ಬೇಕು, ಯಾರಿಗೆ ಹೆಪಾರಿನ್ ಜೊತೆಗೇ ಬೇಕು, ಯಾರಿಗೆ ಧೈರ್ಯದ ಮಾತೇ ಸಾಕು ಎಂಬುದೂ ತಿಳಿಯುತ್ತದೆ. ಹೋದ ಪ್ರತಿಯೊಂದು ಗರ್ಭಕ್ಕೂ ದಾಖಲೆಯಲ್ಲಿ ತನ್ನದೇ ಒಂದು ಸಾಲು ಸಿಗುತ್ತದೆ.