ಕೆನಡಾದ ಸಾಮಾನ್ಯ ಹೂಡಿಕೆದಾರರಿಗೆ ಇಟಿಎಫ್ ಆಯ್ಕೆ: ತಿಳಿದಿರಬೇಕಾದ ಸಂಗತಿಗಳು

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಕ್ಷರ ಕಲಿತವರಲ್ಲಿ ಕೆಲವರು ಉನ್ನತ ವ್ಯಾಸಂಗಕ್ಕಾಗಿ ಕೆನಡಾಕ್ಕೆ ತೆರಳಿ, ಅಲ್ಲಿಯೇ ಉದ್ಯೋಗ ಹಿಡಿದು ನೆಲೆಸಿದ್ದಾರೆ. ಸಂಬಳದಲ್ಲಿ ಒಂದಿಷ್ಟು ಉಳಿಯತೊಡಗಿದೊಡನೆ ಅದನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆ ಅವರಿಗೂ ಊರಿನಲ್ಲಿರುವ ತಂದೆತಾಯಿಗಳಿಗೂ ಎದುರಾಗುತ್ತದೆ. ಆಗ ಪದೇ ಪದೇ ಕೇಳಿಬರುವ ಹೆಸರು ಇಟಿಎಫ್. ಯಾವ ಇಟಿಎಫ್ ಕೊಳ್ಳಬೇಕು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ವಾಸ್ತವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಹಣ ಯಾವಾಗ ಬೇಕು, ಅದು ಯಾವ ಖಾತೆಯಲ್ಲಿರಬೇಕು, ಎಷ್ಟು ಏರಿಳಿತವನ್ನು ತಾಳಿಕೊಳ್ಳಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ನಿಧಿಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಇಟಿಎಫ್ ಎಂದರೇನು?

ಅನೇಕರ ಹಣವನ್ನು ಒಟ್ಟುಗೂಡಿಸಿ ನೂರಾರು ಕಂಪನಿಗಳ ಷೇರುಗಳನ್ನೋ ಬಾಂಡ್‌ಗಳನ್ನೋ ಕೊಂಡಿಟ್ಟುಕೊಳ್ಳುವ ನಿಧಿಯೊಂದರ ಘಟಕಗಳು ಷೇರುಪೇಟೆಯಲ್ಲಿ ಷೇರಿನಂತೆಯೇ ಮಾರಾಟವಾಗುವುದಾದರೆ ಅದು ಇಟಿಎಫ್. ಸಾಮಾನ್ಯ ಮ್ಯೂಚುವಲ್ ಫಂಡ್‌ನ ಬೆಲೆ ದಿನಕ್ಕೊಮ್ಮೆ ನಿಗದಿಯಾದರೆ, ಇಟಿಎಫ್‌ನ ಬೆಲೆ ಪೇಟೆ ತೆರೆದಿರುವಷ್ಟು ಹೊತ್ತೂ ಬದಲಾಗುತ್ತಿರುತ್ತದೆ. ಹೆಚ್ಚಿನ ಇಟಿಎಫ್‌ಗಳು ಒಂದು ಸೂಚ್ಯಂಕವನ್ನು ಅನುಸರಿಸುತ್ತವೆ. ಸೂಚ್ಯಂಕದಲ್ಲಿ ಯಾವ ಕಂಪನಿಗೆ ಎಷ್ಟು ಪಾಲಿದೆಯೋ ನಿಧಿಯಲ್ಲಿಯೂ ಅಷ್ಟೇ ಪಾಲು ಇರುತ್ತದೆ.

ಈ ವ್ಯವಸ್ಥೆಯ ತವರು ಕೆನಡಾವೇ. 1990ರಲ್ಲಿ ಟೊರೊಂಟೊ ಷೇರುಪೇಟೆಯಲ್ಲಿ ಆರಂಭವಾದ ‘ಟಿಪ್ಸ್’ ಎಂಬ ನಿಧಿಯನ್ನು ಜಗತ್ತಿನ ಮೊದಲ ಯಶಸ್ವಿ ಇಟಿಎಫ್ ಎಂದು ಪರಿಗಣಿಸಲಾಗುತ್ತದೆ. ಅಮೆರಿಕದಲ್ಲಿ ಇಂತಹ ಮೊದಲ ಪ್ರಸಿದ್ಧ ನಿಧಿ ಬಂದದ್ದು 1993ರಲ್ಲಿ.

ಆಯ್ಕೆಗೆ ಮುನ್ನ: ಸಾಲ ಮತ್ತು ಕಾಲಾವಧಿ

ಊರಿನ ಮನೆಯನ್ನೋ ಜಮೀನನ್ನೋ ಅಡವಿಟ್ಟು ಶಿಕ್ಷಣ ಸಾಲ ತೆಗೆದಿದ್ದರೆ, ಮೊದಲ ಹೂಡಿಕೆ ಆ ಸಾಲದ ಮರುಪಾವತಿಯೇ. ಶೇ. 10ರ ಬಡ್ಡಿಯ ಸಾಲವನ್ನು ತೀರಿಸಿದರೆ ಆ ಬಡ್ಡಿ ಖಂಡಿತವಾಗಿ ಉಳಿಯುತ್ತದೆ. ಷೇರುಪೇಟೆಯಲ್ಲಿ ಅಷ್ಟು ಗಳಿಕೆಯ ಭರವಸೆಯನ್ನು ಯಾರೂ ಪ್ರಾಮಾಣಿಕವಾಗಿ ಕೊಡಲಾರರು. ಕ್ರೆಡಿಟ್ ಕಾರ್ಡಿನ ಬಾಕಿಯಂತೂ ಇದಕ್ಕಿಂತಲೂ ದುಬಾರಿ.

ಎರಡನೆಯದು ಕಾಲಾವಧಿ. ಎರಡು ಮೂರು ವರ್ಷಗಳಲ್ಲಿ ತಂಗಿಯ ಮದುವೆಗೋ ಮನೆಯ ಮುಂಗಡಕ್ಕೋ ಬೇಕಾಗುವ ಹಣವನ್ನು ಷೇರು ಇಟಿಎಫ್‌ನಲ್ಲಿ ಇಡತಕ್ಕದ್ದಲ್ಲ. ಅಂತಹ ಹಣಕ್ಕೆ ಬ್ಯಾಂಕಿನ ಉಳಿತಾಯ ಖಾತೆ ಅಥವಾ ‘ಜಿಐಸಿ’ ಎಂಬ ನಿಶ್ಚಿತ ಠೇವಣಿಯೇ ಸರಿ. ಕೆನಡಾ ಠೇವಣಿ ವಿಮಾ ನಿಗಮವು ಸದಸ್ಯ ಬ್ಯಾಂಕುಗಳಲ್ಲಿನ ಠೇವಣಿಗೆ ಪ್ರತಿ ವರ್ಗದಲ್ಲಿ 1,00,000 ಡಾಲರಿನವರೆಗೆ ರಕ್ಷಣೆ ನೀಡುತ್ತದೆ. ಇಟಿಎಫ್‌ಗೆ ಆ ರಕ್ಷಣೆಯಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಮುಟ್ಟಬೇಕಾಗಿಲ್ಲದ ಹಣಕ್ಕೆ ಮಾತ್ರ ಷೇರಿನ ಏರಿಳಿತವನ್ನು ತಾಳುವ ಶಕ್ತಿಯಿರುತ್ತದೆ.

ಯಾವ ಖಾತೆ?

ಕೆನಡಾದಲ್ಲಿ ಒಂದೇ ಇಟಿಎಫ್ ಬೇರೆ ಬೇರೆ ಖಾತೆಗಳಲ್ಲಿ ಬೇರೆ ಬೇರೆ ಫಲ ಕೊಡುತ್ತದೆ. ಆದುದರಿಂದ ಖಾತೆಯ ನಿರ್ಧಾರ ನಿಧಿಯ ನಿರ್ಧಾರಕ್ಕಿಂತ ಮುಂಚಿನದು.

ಟಿಎಫ್‌ಎಸ್‌ಎ: 2009ರಲ್ಲಿ ಜಾರಿಗೆ ಬಂದ ತೆರಿಗೆಮುಕ್ತ ಉಳಿತಾಯ ಖಾತೆ. ಇದರೊಳಗಿನ ಗಳಿಕೆಗೂ ಹಿಂತೆಗೆತಕ್ಕೂ ಕೆನಡಾದಲ್ಲಿ ತೆರಿಗೆಯಿಲ್ಲ. ಹಿಂತೆಗೆದ ಮೊತ್ತದಷ್ಟು ಅವಕಾಶ ಮರುವರ್ಷದ ಜನವರಿಯಲ್ಲಿ ಮತ್ತೆ ದೊರೆಯುತ್ತದೆ. 2025ರ ವಾರ್ಷಿಕ ಮಿತಿ 7,000 ಡಾಲರ್.

ಹೊಸದಾಗಿ ಹೋದವರು ಹೆಚ್ಚಾಗಿ ಎಡವುವುದು ಇಲ್ಲಿಯೇ. 2009ರಿಂದ ಎಲ್ಲ ವರ್ಷಗಳ ಮಿತಿಯನ್ನು ಕೂಡಿಸಿದರೆ 2025ರ ವೇಳೆಗೆ 1,02,000 ಡಾಲರ್ ಆಗುತ್ತದೆ. ಆದರೆ ಈ ಅವಕಾಶ ಸಂಗ್ರಹವಾಗುವುದು 18 ವರ್ಷ ತುಂಬಿದ ಬಳಿಕ, ಕೆನಡಾದ ನಿವಾಸಿಯಾಗಿದ್ದ ವರ್ಷಗಳಿಗೆ ಮಾತ್ರ. 2022ರಲ್ಲಿ ನಿವಾಸಿಯಾದವರಿಗೆ 2025ರವರೆಗೆ ದೊರೆತದ್ದು 6,000, 6,500, 7,000 ಮತ್ತು 7,000, ಒಟ್ಟು 26,500 ಡಾಲರ್. ಹೆಚ್ಚುವರಿ ಮೊತ್ತಕ್ಕೆ ತಿಂಗಳಿಗೆ ಶೇ. 1ರ ದಂಡ ತೆರಿಗೆ ಬೀಳುತ್ತದೆ. ಕೆನಡಾ ತೊರೆದು ಅನಿವಾಸಿಯಾದ ಮೇಲೆ ಹಣ ತುಂಬಿದರೂ ಅಂತಹುದೇ ತೆರಿಗೆಯುಂಟು.

ಆರ್‌ಆರ್‌ಎಸ್‌ಪಿ: ನಿವೃತ್ತಿಯ ಉಳಿತಾಯ ಯೋಜನೆ. ಹಿಂದಿನ ವರ್ಷದ ದುಡಿಮೆಯ ಆದಾಯದ ಶೇ. 18ರಷ್ಟು, ನಿಗದಿತ ಗರಿಷ್ಠ ಮಿತಿಗೆ ಒಳಪಟ್ಟು ತುಂಬಬಹುದು. ತುಂಬಿದ ಮೊತ್ತ ತೆರಿಗೆಯ ಆದಾಯದಿಂದ ಕಳೆಯಲ್ಪಡುತ್ತದೆ. ಹಿಂತೆಗೆಯುವಾಗ ತೆರಿಗೆ ಕಟ್ಟಬೇಕು. ಸಂಬಳ ಹೆಚ್ಚಿರುವವರಿಗೆ ಇದು ಅನುಕೂಲ. ಸಂಬಳ ಕಡಿಮೆಯಿರುವ ಆರಂಭದ ವರ್ಷಗಳಲ್ಲಿ ಟಿಎಫ್‌ಎಸ್‌ಎ ಮೇಲು.

ಎಫ್‌ಎಚ್‌ಎಸ್‌ಎ: 2023ರಲ್ಲಿ ಆರಂಭವಾದ ಮೊದಲ ಮನೆಯ ಖಾತೆ. ವರ್ಷಕ್ಕೆ 8,000, ಒಟ್ಟು 40,000 ಡಾಲರಿನ ಮಿತಿ. ತುಂಬುವಾಗ ಆದಾಯದಿಂದ ಕಡಿತ, ಅರ್ಹ ಮನೆ ಕೊಳ್ಳಲು ತೆಗೆದರೆ ತೆರಿಗೆಯಿಲ್ಲ.

ಆರ್‌ಇಎಸ್‌ಪಿ: ಮಕ್ಕಳ ಉನ್ನತ ಶಿಕ್ಷಣಕ್ಕೆ. ವರ್ಷಕ್ಕೆ ತುಂಬಿದ ಮೊದಲ 2,500 ಡಾಲರಿಗೆ ಕೇಂದ್ರ ಸರ್ಕಾರ ಶೇ. 20ರಂತೆ 500 ಡಾಲರ್ ಸಹಾಯಧನ ಸೇರಿಸುತ್ತದೆ. ಒಂದು ಮಗುವಿಗೆ ಇದರ ಒಟ್ಟು ಮಿತಿ 7,200 ಡಾಲರ್. ಇಷ್ಟು ದೊಡ್ಡ ಖಚಿತ ಗಳಿಕೆಯನ್ನು ಯಾವ ಇಟಿಎಫ್ ಕೂಡ ಕೊಡಲಾರದು.

ಷೇರು ಎಷ್ಟು, ಬಾಂಡ್ ಎಷ್ಟು?

ನಿಧಿಯ ಹೆಸರಿಗಿಂತ ಹೆಚ್ಚಿನ ಪರಿಣಾಮ ಬೀರುವ ನಿರ್ಧಾರ ಇದು. ಷೇರಿನ ಪಾಲು ಹೆಚ್ಚಿದಷ್ಟೂ ದೀರ್ಘಾವಧಿಯ ನಿರೀಕ್ಷಿತ ಗಳಿಕೆ ಹೆಚ್ಚು, ನಡುವಿನ ಕುಸಿತವೂ ಹೆಚ್ಚು. 2008ರ ಬಿಕ್ಕಟ್ಟಿನಲ್ಲಿ ಕೆನಡಾದ ಪ್ರಮುಖ ಷೇರು ಸೂಚ್ಯಂಕ ಒಂದೇ ವರ್ಷದಲ್ಲಿ ಮೂರನೆಯ ಒಂದರಷ್ಟು ಕರಗಿತು. ಆಗ ಗಾಬರಿಗೊಂಡು ಮಾರಿದವರಿಗೆ ನಷ್ಟ ಶಾಶ್ವತವಾಯಿತು. ತಾಳಿಕೊಂಡವರಿಗೆ ಮುಂದಿನ ವರ್ಷಗಳಲ್ಲಿ ಚೇತರಿಕೆ ದೊರೆಯಿತು. ಬಾಂಡ್ ನಿಧಿಗಳೂ ನಷ್ಟದಿಂದ ಮುಕ್ತವಲ್ಲ: ಬಡ್ಡಿದರಗಳು ಏರಿದ 2022ರಲ್ಲಿ ಕೆನಡಾದ ವಿಶಾಲ ಬಾಂಡ್ ಸೂಚ್ಯಂಕ ಶೇ. 11ಕ್ಕೂ ಹೆಚ್ಚು ಕುಸಿಯಿತು. ಹತ್ತು ಸಾವಿರ ಡಾಲರ್ ಆರು ಸಾವಿರಕ್ಕಿಳಿದರೂ ಮಾರದೆ ಇರಬಲ್ಲೆನೇ ಎಂಬ ಪ್ರಶ್ನೆಗೆ ಕೊಳ್ಳುವ ಮೊದಲೇ ತನ್ನೊಳಗೆ ಉತ್ತರ ಕಂಡುಕೊಳ್ಳಬೇಕು.

ಸ್ವದೇಶ ಎಷ್ಟು, ಲೋಕ ಎಷ್ಟು?

ಜಗತ್ತಿನ ಒಟ್ಟು ಷೇರು ಮೌಲ್ಯದಲ್ಲಿ ಕೆನಡಾದ ಪಾಲು ಸುಮಾರು ಶೇ. 3. ಅದರಲ್ಲಿಯೂ ಬ್ಯಾಂಕು ಮತ್ತು ವಿಮೆ, ತೈಲ ಮತ್ತು ಅನಿಲ, ಗಣಿಗಾರಿಕೆ ಈ ಮೂರು ಕ್ಷೇತ್ರಗಳದ್ದೇ ಮೇಲುಗೈ. ಕೆನಡಾದ ನಿಧಿಯೊಂದನ್ನೇ ನೆಚ್ಚಿಕೊಳ್ಳುವುದು ತೋಟದ ತುಂಬ ಅಡಿಕೆಯನ್ನೇ ನೆಟ್ಟಂತೆ. ಧಾರಣೆ ಬಿದ್ದ ವರ್ಷ, ರೋಗ ತಗಲಿದ ವರ್ಷ, ನಡುವೆ ತೆಂಗು ಕರಿಮೆಣಸು ಇರುವ ತೋಟ ತಡೆದುಕೊಳ್ಳುವುದನ್ನು ಕಾಸರಗೋಡಿನ ಕೃಷಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಕೆನಡಾದ ಚರಿತ್ರೆಯಲ್ಲೇ ನಿದರ್ಶನವಿದೆ. 2000ದ ಮಧ್ಯಭಾಗದಲ್ಲಿ ನಾರ್ಟೆಲ್ ಎಂಬ ದೂರಸಂಪರ್ಕ ಕಂಪನಿಯೊಂದೇ ಟೊರೊಂಟೊ ಸೂಚ್ಯಂಕದ ಮೂರನೆಯ ಒಂದು ಭಾಗವನ್ನು ಮೀರಿ ಬೆಳೆದಿತ್ತು. ಆಗ ನೂರು ಡಾಲರನ್ನು ದಾಟಿದ್ದ ಅದರ ಷೇರು 2002ರಲ್ಲಿ ಒಂದು ಡಾಲರಿಗಿಂತ ಕೆಳಗಿಳಿಯಿತು. 2009ರಲ್ಲಿ ಕಂಪನಿ ದಿವಾಳಿ ರಕ್ಷಣೆಗೆ ಮೊರೆಹೋಯಿತು. ಇಂದು ಎಕ್ಸ್‌ಐಸಿ, ಝಡ್‌ಸಿಎನ್ ನಿಧಿಗಳು ಅನುಸರಿಸುವ ‘ಕ್ಯಾಪ್ಡ್’ ಸೂಚ್ಯಂಕದಲ್ಲಿ ಪ್ರತಿ ಮರುಹೊಂದಾಣಿಕೆಯ ವೇಳೆ ಯಾವುದೇ ಕಂಪನಿಯ ಪಾಲು ಶೇ. 10ನ್ನು ಮೀರದಂತೆ ಕತ್ತರಿಸಲಾಗುತ್ತದೆ.

ಹಾಗೆಂದು ಕೆನಡಾದ ಪಾಲನ್ನು ಶೇ. 3ಕ್ಕೇ ಇಳಿಸಬೇಕಾಗಿಲ್ಲ. ಅಲ್ಲಿಯೇ ಖರ್ಚು ಮಾಡುವವರಿಗೆ ಕೆನಡಾ ಡಾಲರಿನ ಆಸ್ತಿ ವಿನಿಮಯ ದರದ ಅಪಾಯವನ್ನು ತಗ್ಗಿಸುತ್ತದೆ. ಕೆನಡಾ ಕಂಪನಿಗಳ ಲಾಭಾಂಶಕ್ಕೆ ತೆರಿಗೆ ರಿಯಾಯಿತಿಯೂ ಇದೆ. ಷೇರುಗಳಲ್ಲಿ ಕೆನಡಾಕ್ಕೆ ನಾಲ್ಕನೆಯ ಒಂದರಿಂದ ಮೂರನೆಯ ಒಂದರಷ್ಟು ಪಾಲು ಕೊಡುವುದು ಅಲ್ಲಿನ ನಿಧಿಗಳಲ್ಲಿ ರೂಢಿಯಲ್ಲಿದೆ.

ವೆಚ್ಚ: ಕಾಣದ ಸೋರಿಕೆ

ನಿಧಿ ವರ್ಷಂಪ್ರತಿ ತನ್ನ ನಿರ್ವಹಣೆಗೆಂದು ಕಡಿದುಕೊಳ್ಳುವ ಪಾಲನ್ನು ‘ಎಂಇಆರ್’ ಎನ್ನುತ್ತಾರೆ. ಇದಕ್ಕೆ ಬಿಲ್ಲು ಬರುವುದಿಲ್ಲ. ನಿಧಿಯ ಮೌಲ್ಯದಿಂದಲೇ ದಿನದಿನವೂ ಕಳೆಯಲ್ಪಡುತ್ತದೆ. ಕೆನಡಾದ ವಿಶಾಲ ಷೇರು ಸೂಚ್ಯಂಕದ ಇಟಿಎಫ್‌ಗಳಲ್ಲಿ ಇದು ಶೇ. 0.06ರ ಆಸುಪಾಸಿನಲ್ಲಿದ್ದರೆ, ಬ್ಯಾಂಕುಗಳಲ್ಲಿ ಮಾರುವ ಅನೇಕ ಷೇರು ಮ್ಯೂಚುವಲ್ ಫಂಡ್‌ಗಳಲ್ಲಿ ಶೇ. 2ರ ಸಮೀಪದಲ್ಲಿದೆ.

ಲೆಕ್ಕ ಹಾಕಿ ನೋಡೋಣ. 10,000 ಡಾಲರ್ 25 ವರ್ಷ ಕಾಲ ವರ್ಷಕ್ಕೆ ಶೇ. 6ರಂತೆ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಶೇ. 0.2ರ ವೆಚ್ಚ ಕಳೆದರೆ ಕೊನೆಗೆ ಉಳಿಯುವುದು ಸುಮಾರು 40,900 ಡಾಲರ್. ಶೇ. 2ರ ವೆಚ್ಚ ಕಳೆದರೆ ಸುಮಾರು 26,700. ಒಂದೇ ಪೇಟೆ, ಒಂದೇ ಕಾಲ. ವ್ಯತ್ಯಾಸ 14,000 ಡಾಲರಿಗೂ ಹೆಚ್ಚು. ಒಂದೇ ಸೂಚ್ಯಂಕವನ್ನು ಅನುಸರಿಸುವ ಎರಡು ನಿಧಿಗಳಲ್ಲಿ ಕಡಿಮೆ ವೆಚ್ಚದ್ದನ್ನು ಆರಿಸುವುದೇ ವಿವೇಕ. ಆದರೆ ಶೇ. 0.05 ಮತ್ತು 0.06ರ ನಡುವಿನ ಅಂತರಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: 10,000 ಡಾಲರಿಗೆ ಅದು ವರ್ಷಕ್ಕೆ ಒಂದು ಡಾಲರ್ ಅಷ್ಟೇ.

ಒಂದೇ ನಿಧಿಯೋ, ಹಲವು ನಿಧಿಗಳೋ?

2018ರಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಕೆನಡಾದಲ್ಲಿ ‘ಎಲ್ಲವೂ ಒಂದರಲ್ಲೇ’ ಎಂಬ ಬಗೆಯ ನಿಧಿಗಳನ್ನು ತಂದಿತು. ವಿಬಿಎಎಲ್ ನಿಧಿಯಲ್ಲಿ ಶೇ. 60 ಷೇರು, 40 ಬಾಂಡ್. ವಿಜಿಆರ್‌ಒ ನಿಧಿಯಲ್ಲಿ ಶೇ. 80 ಷೇರು, 20 ಬಾಂಡ್. 2019ರಲ್ಲಿ ಬಂದ ವಿಇಕ್ಯುಟಿ ಪೂರ್ತಿ ಷೇರು. ಐಶೇರ್ಸ್‌ನ ಎಕ್ಸ್‌ಬಿಎಎಲ್, ಎಕ್ಸ್‌ಜಿಆರ್‌ಒ, ಎಕ್ಸ್‌ಇಕ್ಯುಟಿ ಹಾಗೂ ಬಿಎಂಒ ಸಂಸ್ಥೆಯ ಝಡ್‌ಬಿಎಎಲ್, ಝಡ್‌ಜಿಆರ್‌ಒ ಇದೇ ಮಾದರಿಯವು. ಇವುಗಳ ವೆಚ್ಚ ಶೇ. 0.2ರ ಆಸುಪಾಸಿನದು. ಇಂತಹ ಒಂದೇ ನಿಧಿ ಕೆನಡಾ, ಅಮೆರಿಕ, ಯುರೋಪು, ಏಷ್ಯಾಗಳ ಸಾವಿರಾರು ಕಂಪನಿಗಳನ್ನು ಒಳಗೊಂಡಿದ್ದು, ಅನುಪಾತ ತಪ್ಪಿದಾಗ ತಾನೇ ಸರಿಪಡಿಸಿಕೊಳ್ಳುತ್ತದೆ.

ಬಿಡಿ ನಿಧಿಗಳನ್ನು ಸೇರಿಸಿ ಕಟ್ಟಿದರೆ ವೆಚ್ಚ ತುಸು ಇಳಿಯುತ್ತದೆ. ಉದಾಹರಣೆಗೆ ಎಕ್ಸ್‌ಐಸಿಯ ಜತೆಗೆ ಕೆನಡಾ ಹೊರತಾದ ಲೋಕವನ್ನೆಲ್ಲ ಒಳಗೊಂಡ ಎಕ್ಸ್‌ಎಡಬ್ಲ್ಯು. ಆದರೆ ಅನುಪಾತವನ್ನು ಹೂಡಿಕೆದಾರರೇ ಕಾಯ್ದುಕೊಳ್ಳಬೇಕು. ಬಿದ್ದ ನಿಧಿಯನ್ನು ಕೊಂಡು ಏರಿದ್ದನ್ನು ಮಾರುವುದು ಕಾಗದದ ಮೇಲೆ ಸುಲಭ, ಮನಸ್ಸಿಗೆ ಕಷ್ಟ. ಸಾಮಾನ್ಯ ಕುಟುಂಬಕ್ಕೆ ಒಂದೇ ನಿಧಿಯ ಸರಳತೆಗೆ ಬೆಲೆಯಿದೆ.

ತೆರಿಗೆಯ ಕೆಲವು ಸೂಕ್ಷ್ಮಗಳು

ಅಮೆರಿಕದ ಕಂಪನಿಗಳ ಲಾಭಾಂಶದಲ್ಲಿ ಶೇ. 15ನ್ನು ಅಮೆರಿಕ ಸರ್ಕಾರ ಮೊದಲೇ ಹಿಡಿದುಕೊಳ್ಳುತ್ತದೆ. ಟಿಎಫ್‌ಎಸ್‌ಎಯಲ್ಲಿ ಈ ಮೊತ್ತ ಮರಳಿ ಬರುವುದಿಲ್ಲ. ಅಮೆರಿಕದ ಪೇಟೆಯಲ್ಲಿ ನೋಂದಾಯಿತವಾದ ಇಟಿಎಫ್‌ ಅನ್ನು ಆರ್‌ಆರ್‌ಎಸ್‌ಪಿಯಲ್ಲಿ ನೇರವಾಗಿ ಇಟ್ಟರೆ ಮಾತ್ರ ವಿನಾಯಿತಿಯಿದೆ. ಲಾಭಾಂಶವೇ ಶೇ. 1.5ರಷ್ಟಿದ್ದರೆ ನಷ್ಟ ವರ್ಷಕ್ಕೆ ಶೇ. 0.2ರ ಸುಮಾರು, ಸಣ್ಣ ಮೊತ್ತಕ್ಕೆ ಇದಕ್ಕಾಗಿ ಡಾಲರ್ ಪರಿವರ್ತನೆಯ ಖರ್ಚು ಹೊರಬೇಕಾಗಿಲ್ಲ.

ಊರಿನಲ್ಲಿ ಠೇವಣಿ, ಬಾಡಿಗೆ ಮನೆ, ಷೇರು ಇರುವವರು ಗಮನಿಸಬೇಕಾದ ನಿಯಮ ಇನ್ನೊಂದಿದೆ. ವಿದೇಶಿ ಆಸ್ತಿಯ ಒಟ್ಟು ಅಸಲು 1,00,000 ಕೆನಡಾ ಡಾಲರನ್ನು ಮೀರಿದರೆ ‘ಟಿ1135’ ನಮೂನೆಯಲ್ಲಿ ಘೋಷಿಸಬೇಕು. ಸ್ವಂತ ವಾಸಕ್ಕೆ ಬಳಸುವ ಮನೆ ಇದರಲ್ಲಿ ಸೇರದು. ಮೊದಲ ಬಾರಿಗೆ ನಿವಾಸಿಯಾದ ವರ್ಷಕ್ಕೆ ಈ ಘೋಷಣೆಯಿಂದ ವಿನಾಯಿತಿಯಿದೆ.

ಕೆನಡಾ ಬಿಟ್ಟು ಊರಿಗೆ ಮರಳುವವರ ಸಾಮಾನ್ಯ ಖಾತೆಯಲ್ಲಿರುವ ಇಟಿಎಫ್‌ಗಳನ್ನು ಹೊರಡುವ ದಿನ ಮಾರಿದಂತೆಯೇ ಭಾವಿಸಿ ಗಳಿಕೆಗೆ ತೆರಿಗೆ ವಿಧಿಸಲಾಗುತ್ತದೆ. ಟಿಎಫ್‌ಎಸ್‌ಎಗೆ ಕೆನಡಾದ ಕಾನೂನು ಕೊಟ್ಟ ವಿನಾಯಿತಿ ಭಾರತದ ಆದಾಯ ತೆರಿಗೆ ಕಾನೂನಿಗೆ ಅನ್ವಯಿಸುವುದಿಲ್ಲ. ಮರಳುವ ಯೋಚನೆಯಿದ್ದವರು ಎರಡೂ ದೇಶಗಳ ತೆರಿಗೆ ಬಲ್ಲವರನ್ನು ಮೊದಲೇ ಕಾಣುವುದು ಒಳಿತು.

ಕೊಳ್ಳುವಾಗ ಎಚ್ಚರ

ಪ್ರತಿ ನಿಧಿಗೂ ‘ಇಟಿಎಫ್ ಫ್ಯಾಕ್ಟ್ಸ್’ ಎಂಬ ಕೆಲವೇ ಪುಟಗಳ ಅಧಿಕೃತ ಪತ್ರವಿದೆ. ವೆಚ್ಚ, ಮೊದಲ ಹತ್ತು ಹೂಡಿಕೆಗಳು, ಅಪಾಯದ ಮಟ್ಟ, ಹಿಂದಿನ ಕೆಟ್ಟ ಕಾಲದ ನಷ್ಟ ಎಲ್ಲವೂ ಅದರಲ್ಲಿರುತ್ತವೆ, ಓದದೆ ಕೊಳ್ಳಬಾರದು. ಪೇಟೆ ತೆರೆದ ಮತ್ತು ಮುಚ್ಚುವ ಕೆಲವು ನಿಮಿಷಗಳನ್ನು ಬಿಟ್ಟು, ‘ಲಿಮಿಟ್ ಆರ್ಡರ್’ ಮೂಲಕ ತಾವು ಒಪ್ಪುವ ಬೆಲೆಯನ್ನು ನಮೂದಿಸಿ ಕೊಳ್ಳುವುದು ಕ್ಷೇಮ.

ಸೂಚ್ಯಂಕದ ದೈನಿಕ ಏರಿಳಿತವನ್ನು ಎರಡು ಮೂರು ಪಟ್ಟು ಮಾಡುವ ನಿಧಿಗಳು ದೀರ್ಘಾವಧಿಗೆ ತಕ್ಕವಲ್ಲ. ತಿಂಗಳು ತಿಂಗಳೂ ಶೇ. 1ರಷ್ಟು ಹಂಚುತ್ತೇವೆನ್ನುವ ನಿಧಿಗಳು ಕೆಲವೊಮ್ಮೆ ನಮ್ಮ ಅಸಲನ್ನೇ ನಮಗೆ ಮರಳಿಸುತ್ತಿರುತ್ತವೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಖಚಿತ ಲಾಭದ ಆಸೆ ತೋರಿಸುವವರ ಹೆಸರನ್ನು ಪ್ರಾಂತೀಯ ಷೇರುಪೇಟೆ ನಿಯಂತ್ರಕರ ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲಿ ಹುಡುಕಬೇಕು. ಅಲ್ಲಿಲ್ಲದವರಿಗೆ ಒಂದು ಡಾಲರನ್ನೂ ಕೊಡಬಾರದು. ದಲ್ಲಾಳಿ ಸಂಸ್ಥೆ ಮುಳುಗಿದರೆ ಕೆನಡಾ ಹೂಡಿಕೆದಾರ ಸಂರಕ್ಷಣಾ ನಿಧಿಯ ರಕ್ಷಣೆಯಿದೆ. ಬೆಲೆ ಕುಸಿತದ ನಷ್ಟವನ್ನು ಅದು ತುಂಬಿಕೊಡದು.

ಮನೆಯವರಿಗೆ ಗೊತ್ತಿರಲಿ

ಖಾತೆ ತೆರೆಯುವಾಗ ಫಲಾನುಭವಿಯ ಹೆಸರನ್ನು ನಮೂದಿಸುವುದು ಎಷ್ಟೋ ಮಂದಿಗೆ ಮರೆತುಹೋಗುತ್ತದೆ. ಟಿಎಫ್‌ಎಸ್‌ಎಯಲ್ಲಿ ಪತಿ ಅಥವಾ ಪತ್ನಿಯನ್ನು ಉತ್ತರಾಧಿಕಾರಿಯಾಗಿ ಹೆಸರಿಸಿದರೆ ಖಾತೆ ಹಾಗೆಯೇ ಅವರಿಗೆ ಸಲ್ಲುತ್ತದೆ. ಅವಿವಾಹಿತರು ತಂದೆತಾಯಿಗಳನ್ನು ಫಲಾನುಭವಿಗಳಾಗಿ ಹೆಸರಿಸಬಹುದು. ಕ್ವಿಬೆಕ್ ಪ್ರಾಂತ್ಯದಲ್ಲಿ ಸಾಮಾನ್ಯವಾಗಿ ಉಯಿಲಿನ ಮೂಲಕವೇ ಇದನ್ನು ಮಾಡಬೇಕಾಗುತ್ತದೆ. ಯಾವ ಸಂಸ್ಥೆಯಲ್ಲಿ ಯಾವ ಖಾತೆಯಿದೆ, ಏನಾದರೂ ಆದರೆ ಯಾರನ್ನು ಸಂಪರ್ಕಿಸಬೇಕು ಎಂಬ ವಿವರವನ್ನು ಗುಪ್ತಪದಗಳ ಹೊರತಾಗಿ ಒಂದು ಹಾಳೆಯಲ್ಲಿ ಬರೆದು ಊರಿನ ಮನೆಗೆ ಕಳುಹಿಸಿರಬೇಕು. ಆ ಹಾಳೆ ತಂದೆತಾಯಿಗಳಿಗೆ ಓದಲು ಬರುವ ಭಾಷೆಯಲ್ಲಿ, ಕನ್ನಡದಲ್ಲಿಯೇ ಇರಲಿ.